ಅಪಾಯಿಂಟ್‌ಮೆಂಟಿಗೆ ಒಂದನ್ನು ಒತ್ತಿ

ಐರ್ಲೆಂಡಿನ ಲಿಮೆರಿಕ್ ಊರಿನ ತನ್ನ ನಾಲ್ಕು ಜನರ ಆಫೀಸನ್ನು ವಿಮಾನ ಕಂಪನಿಯ ಮಟ್ಟಕ್ಕೆ ಏರಿಸಿಯೇ ತೀರುತ್ತೇನೆಂದು ಮಧುಸೂದನ ಹೆಂಡತಿಗೆ ಕರೆ ಮಾಡಿ ಘೋಷಿಸಿದ.

"ಯಾವುದರಲ್ಲಿ?" ಎಂದಳು ವಿನೋದಿನಿ.

"ಫೋನ್‌ನಲ್ಲಿ."

"ಒಂದು ಫೋನಿಗೆ ಇಷ್ಟು ಪೀಠಿಕೆನಾ? ಡ್ಯೂಟಿಗೆ ಹೊತ್ತಾಯ್ತು, ಬೇಗ ಹೇಳು."

ವಿನೋದಿನಿ ಡಬ್ಲಿನ್ನಿನ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸ್. ಮೊದಲೆಲ್ಲ ರಜೆ ಸಿಕ್ಕಿದ ಕೂಡಲೇ ರೈಲು ಹತ್ತಿ ಲಿಮೆರಿಕ್ಕಿಗೆ ಬಂದುಬಿಡುತ್ತಿದ್ದಳು. ಕೊರೋನಾ ಶುರುವಾದ ಮೇಲೆ ಆಸ್ಪತ್ರೆಯ ಹತ್ತಿರದ ರೂಮೊಂದರಲ್ಲೇ ಉಳಿದಿದ್ದಳು. ಮನೆಯಿಂದ ಐದು ಕಿಲೋಮೀಟರ್ ಆಚೆ ಕಾಲಿಡುವಂತಿಲ್ಲ ಎಂಬ ಸರ್ಕಾರದ ಆಜ್ಞೆ ಬಂದಿತ್ತು. ಮಧುಸೂದನನ ಹೆಂಡತಿ ಇದ್ದದ್ದು ಇನ್ನೂರು ಕಿಲೋಮೀಟರ್ ಆಚೆ.

ಅವನು ಕೆಲಸ ಮಾಡುತ್ತಿದ್ದದ್ದು ಕಿವಿ ಕೇಳಿಸದವರಿಗೆ ಶ್ರವಣಯಂತ್ರ ಮಾರುವ, ರಿಪೇರಿ ಮಾಡಿಕೊಡುವ ಪುಟ್ಟ ಅಂಗಡಿಯಲ್ಲಿ. ಈಗ ಅಂಗಡಿಗೆ ಬೀಗ ಬಿದ್ದಿತ್ತು, ನಾಲ್ವರೂ ಮನೆ ಸೇರಿದ್ದರು. ಖಾಲಿ ಅಂಗಡಿಯಲ್ಲಿ ಫೋನು ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು. ಒಡತಿ ನೂಲಾ ಅವನಿಗೆ ಹೇಳಿದ್ದು ಇಷ್ಟೇ: "ಅಂಗಡಿ ನಂಬರಿಗೆ ಫೋನ್ ಬಂದ್ರೆ ನಮ್ಮ ನಾಲ್ಕೂ ಮನೇಲಿ ರಿಂಗ್ ಆಗ್ಬೇಕು. ಅಂಥದ್ದೊಂದು ಸರ್ವಿಸ್ ನೋಡು. ಸಾಧಾರಣದ್ದಾದ್ರೂ ಗ್ರ್ಯಾಂಡ್."

ಐರ್ಲೆಂಡಿನಲ್ಲಿ ಗ್ರ್ಯಾಂಡ್ ಎಂದರೆ 'ಸಾಕು, ನಡೆಯುತ್ತೆ' ಎಂದರ್ಥ. ಮಧುಸೂದನನಿಗೂ ಅದು ಗೊತ್ತಿತ್ತು. ಆದರೆ ಅಂದು ಆ ಪದ ಅವನ ಕಿವಿಗೆ ಬಿದ್ದದ್ದು ಬೆಂಗಳೂರಿನ ಕಲ್ಯಾಣಮಂಟಪದ ಅರ್ಥದಲ್ಲಿ.

ಫೋನ್ ಸರ್ವಿಸ್ ಮಾರುವ ಕಂಪನಿಗಳಿಗೆಲ್ಲ ಅವನು ವಿವರ ಕೇಳಿ ಬರೆದ. ತಕ್ಷಣವೇ ಕರೆಗಳು ಶುರುವಾದವು. ಆಹಾ, ಎಂಥ ಸಜ್ಜನರು! ಊಟ ಆಯಿತೇ, ಆರೋಗ್ಯವೇ, ನಿಮ್ಮ ಕಡೆ ಮಳೆಯೇ ಎಂದೆಲ್ಲ ವಿಚಾರಿಸುತ್ತಿದ್ದರು. ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೂ ಅವನು ಮತ್ತೆ ಮತ್ತೆ ಕೇಳಿದ. ಕಾರ್ಕ್ ನಗರದ ಹುಡುಗಿಯೊಬ್ಬಳು "ಇನ್ನೇನಾದರೂ ಇದೆಯೇ?" ಎಂದಾಗಲೆಲ್ಲ ಇನ್ನೇನಾದರೂ ಇದೆಯೇ ಎಂದು ತಲೆ ಕೆರೆದುಕೊಂಡ. ಕೊನೆಗೆ ಕೇಳುವುದೇನೂ ಉಳಿಯದಿದ್ದಾಗ ನಾಚಿಕೆಯಾಗಿ, ನೂರಾರು ನೌಕರರಿರುವ ಕಂಪನಿಗಳಿಗೆಂದು ಮಾಡಿದ್ದ ಅತಿ ದೊಡ್ಡ ಪ್ಯಾಕೇಜನ್ನೇ ಅವಳಿಂದ ಕೊಂಡುಬಿಟ್ಟ. ಕೊಂಡ ಮೇಲೆ ಅವಳು ಫೋನ್ ಮಾಡಲಿಲ್ಲ.

ಸ್ವಾಗತದ ಮಾತನ್ನು ಅವನೇ ರೆಕಾರ್ಡ್ ಮಾಡಿದ. ಖಾಲಿ ಮನೆಯಲ್ಲಿ ದನಿ ಗುಂಯ್‌ಗುಡುತ್ತದೆಂದು ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ, ವಿನೋದಿನಿಯ ಚಳಿಗಾಲದ ಕೋಟುಗಳ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದ: "ನಮಸ್ಕಾರ. ನಿಮ್ಮ ಕರೆ ನಮಗೆ ಅಮೂಲ್ಯ. ಅಪಾಯಿಂಟ್‌ಮೆಂಟಿಗೆ ಒಂದನ್ನು ಒತ್ತಿ. ಬ್ಯಾಟರಿಗೆ ಎರಡನ್ನು ಒತ್ತಿ. ರಿಪೇರಿಗೆ ಮೂರನ್ನು ಒತ್ತಿ." ಏನೂ ಒತ್ತದವರಿಗೆ ಒಂದು ವಂದನೆ, ಆಮೇಲೆ ಕಟ್. ಹಿನ್ನೆಲೆಯಲ್ಲಿ ಪಿಯಾನೋ.

ಫೋನು ಮೌನವಾಯಿತು. ಒಂದು ದಿನ, ಎರಡು ದಿನ, ಒಂದು ವಾರ. ನಾಲ್ಕು ಮನೆಗಳಲ್ಲಿ ಒಂದರಲ್ಲೂ ರಿಂಗಿಲ್ಲ. ಬಂದ ಕರೆಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ನೋಡಿದರೆ ಕರೆಗಳೇನೋ ಬರುತ್ತಿದ್ದವು, ನಿಮಿಷದೊಳಗೆ ಮುಗಿದೂ ಹೋಗುತ್ತಿದ್ದವು. ಮಧುಸೂದನ ಹೆಮ್ಮೆಯಿಂದ ನೂಲಾಗೆ ವರದಿ ಒಪ್ಪಿಸಿದ: "ಜನರ ಸಮಸ್ಯೆ ಒಂದು-ಎರಡು ಒತ್ತೋ ಮೆನುವಿನಲ್ಲೇ ಬಗೆಹರೀತಾ ಇದೆ."

"ಬ್ಯಾಟರಿ ಬೇಕಾದವ್ರಿಗೆ ಮೆನು ಬ್ಯಾಟರಿ ಕೊಡುತ್ತಾ?" ಎಂದರು ನೂಲಾ.

ಲೈನ್ ಒಮ್ಮೆ ಪರೀಕ್ಷಿಸುತ್ತೇನೆಂದು ಮಧುಸೂದನ ಮಾತು ಮುಗಿಸಿದ. ಮಧ್ಯಾಹ್ನ ಅನ್ನ ತಿಳಿಸಾರು ಮುಂದಿಟ್ಟುಕೊಂಡು, ಲೈನ್ ಪರೀಕ್ಷೆಯ ನೆಪದಲ್ಲಿ ತಾನೇ ಅಂಗಡಿಗೆ ಫೋನ್ ಮಾಡುತ್ತಿದ್ದ. "ನಮಸ್ಕಾರ. ನಿಮ್ಮ ಕರೆ ನಮಗೆ ಅಮೂಲ್ಯ" ಎನ್ನುತ್ತಿತ್ತು ಅವನದೇ ದನಿ. ಆ ಮನೆಯಲ್ಲಿ ಅವನಿಗೆ ಸ್ವಾಗತ ಕೋರುತ್ತಿದ್ದ ದನಿ ಅದೊಂದೇ. ಕೆಲವೊಮ್ಮೆ ಊಟ ಮುಗಿಯುವ ತನಕ ಮೂರ್ನಾಲ್ಕು ಸಲ ಕೇಳುತ್ತಿದ್ದ.

ಒಂದು ಸಂಜೆ ವಿನೋದಿನಿಗೂ ನಂಬರ್ ಕೊಟ್ಟು ಕೇಳಲು ಹೇಳಿದ. ಎರಡು ನಿಮಿಷದಲ್ಲಿ ಅವಳು ವಾಪಸ್ ಫೋನ್ ಮಾಡಿದಳು.

"ಹೇಗಿದೆ?"

"ಹಿಂದೆ ಪಿಯಾನೋ, ಮುಂದೆ ನೀನು. ಏನು ಒತ್ತು ಅಂದೆ ಅಂತ ನಂಗೇ ಗೊತ್ತಾಗ್ಲಿಲ್ಲ. ನಂಗೆ ಎರಡು ಕಿವೀನೂ ಸರಿಯಾಗಿವೆ ಮಧು. ನಿಮ್ಮ ಅಂಗಡಿಗೆ ಫೋನ್ ಮಾಡೋರಿಗೆ?"

ಮಧುಸೂದನ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಶ್ರವಣಯಂತ್ರ ಕೆಟ್ಟವರು ತಾನೇ ಆ ಅಂಗಡಿಗೆ ಫೋನ್ ಮಾಡುವುದು!

"ಅಲ್ಲಿದ್ದೀಯಾ?" ಎಂದಳು.

"ಇದ್ದೀನಿ."

"ಊಟ ಸರಿಯಾಗಿ ಮಾಡ್ತಿದ್ದೀಯಾ?"

"ಮಾಡ್ತಿದ್ದೀನಿ."

"ಸುಳ್ಳು. ದನಿಯಲ್ಲೇ ಗೊತ್ತಾಗುತ್ತೆ."

ಮರುದಿನ ಬೆಳಿಗ್ಗೆ ಮೆನು, ಪಿಯಾನೋ, ವಂದನೆ ಎಲ್ಲವನ್ನೂ ಕಿತ್ತೆಸೆದ. ಒತ್ತುವುದು ಏನೂ ಇಲ್ಲ. ಫೋನ್ ಬಂದರೆ ನಾಲ್ಕೂ ಮನೆಯಲ್ಲಿ ರಿಂಗ್, ಎತ್ತಿದವರು ಮಾತಾಡುವುದು. ನೂಲಾ ಮೊದಲ ದಿನವೇ ಕೇಳಿದ್ದು ಇದನ್ನೇ. ಹತ್ತು ನಿಮಿಷದಲ್ಲಿ ಫೋನ್ ಬಂತು. ಅವನೇ ಎತ್ತಿದ. ಆ ಕಡೆ ಹ್ಯಾನ್ಲಿ ಎಂಬ ಮುದುಕ, ಕಿಲ್‌ಮಾಲಕ್ ಊರಿನಾಚೆಯ ತೋಟದಮನೆಯಲ್ಲಿ ಒಬ್ಬನೇ ಇರುವವನು.

"ಅಬ್ಬಾ, ಇವತ್ತು ನಿಲ್ಲಿಸಿದ್ಯಲ್ಲ," ಎಂದ ಮುದುಕ.

"ಏನನ್ನ ಸಾರ್?"

"ಏನು?"

"ಏನನ್ನ?" ಮಧುಸೂದನ ಕೂಗಿದ. ಪಕ್ಕದ ಮನೆಯವರು ಗೋಡೆ ಬಡಿದರು.

"ಆ ಗೊಣಗಾಟ ಕಣಪ್ಪ. ವಾರದಿಂದ ದಿನಾ ಫೋನ್ ಮಾಡ್ತಿದ್ದೀನಿ. ನನ್ನ ಮಿಷನ್ ಕೆಟ್ಟಿದೆ ಅಂತೀನಿ, ನೀನು ನಿನ್ನ ಪಾಡಿಗೆ ಏನೋ ಗೊಣಗ್ತೀಯ. ಕೊನೆಗೆ ಸುಸ್ತಾಗಿ ಫೋನ್ ಇಟ್ಟುಬಿಡ್ತೀಯ. ಆಗ ನಂಗೆ ಹೊಳೀತು, ಪಾಪ, ಈ ಹುಡುಗನಿಗೂ ಕಿವಿ ಕೇಳ್ಸಲ್ಲ ಅಂತ."

ಅದು ರೆಕಾರ್ಡಿಂಗ್ ಎಂದು ಹೇಳಲು ಮಧುಸೂದನ ಬಾಯಿ ತೆರೆದ.

"ರಿಪೇರಿ ಆಸೆ ಆವತ್ತೇ ಬಿಟ್ಟೆ," ಮುದುಕ ಮುಂದುವರಿಸಿದ. "ಆದ್ರೂ ದಿನಾ ಮಾಡ್ತಿದ್ದೆ. ನಿನ್ನ ದನಿ ಕೇಳಿದ್ರೆ ಒಬ್ಬನೇ ಇರೋನ ಥರ ಇತ್ತು. ನಾವಿಬ್ರೂ ಒಬ್ಬರ ಮಾತು ಒಬ್ಬರಿಗೆ ಕೇಳ್ಸದಿದ್ರೆ ಏನಂತೆ, ಲೈನಲ್ಲಿ ಒಂದು ಜೀವ ಇರುತ್ತಲ್ಲ ಅಂದ್ಕೊಂಡೆ."

ಮಧುಸೂದನ ಕಣ್ಣೊರೆಸಿಕೊಂಡು, ಯಂತ್ರವನ್ನು ಅಂಚೆಯಲ್ಲಿ ಕಳಿಸಿ, ಈ ವಾರವೇ ರಿಪೇರಿ ಮಾಡಿಸಿಕೊಡುತ್ತೇನೆಂದು ಒಂದೊಂದೇ ಪದ ಬಿಡಿಸಿ ಕೂಗಿ ಹೇಳಿದ. ಗೋಡೆ ಮತ್ತೆರಡು ಸಲ ಸದ್ದು ಮಾಡಿತು.

"ಆಗ್ಲಿ, ಕಳಿಸ್ತೀನಿ. ಆದ್ರೆ ನಿನ್ನ ಗತಿ ಏನು?" ಎಂದ ಹ್ಯಾನ್ಲಿ ನಿಜವಾದ ಕಾಳಜಿಯಿಂದ. "ಆ ಅಂಗಡೀಲೇ ಇದ್ದೀಯ. ನಿಂಗೂ ಒಂದು ಮಿಷನ್ ಕೊಡಿ ಅಂತ ಆ ಹೆಂಗಸನ್ನ ಕೇಳು. ಕೆಲಸದವ್ರಿಗೆ ಕಡಿಮೆಗೆ ಕೊಡಲ್ವಾ?"

"ಕೇಳ್ತೀನಿ ಸಾರ್," ಎಂದ ಮಧುಸೂದನ.

"ಏನು?"

"ಕೇಳ್ತೀನಿ."

"ಪಾಪ," ಎಂದ ಮುದುಕ, "ಮತ್ತೆ ಗೊಣಗೋಕೆ ಶುರು ಮಾಡ್ದ."