ಸಾಹೇಬರು ಕಂಟ್ರೋಲ್ ಒತ್ತಿದಾಗ

ವಾರಕ್ಕೊಮ್ಮೆಯಾದರೂ ಇಂಥದ್ದೊಂದು ಎಡವಟ್ಟು ಆಗದಿದ್ದರೆ ನಮ್ಮ ಆಫೀಸಿನಲ್ಲಿ ಯಾರಿಗೋ ಹುಷಾರಿಲ್ಲ ಎಂದೇ ಅರ್ಥ. ಬಂಗಾಳದ ಅಲಿಪುರದ ಈ ಸರ್ಕಾರಿ ಕಚೇರಿಯ ಟೈಪಿಸ್ಟ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಬಂಗಾಳಿ ಸಾಹೇಬರು ತಾವೇ ಟೈಪ್ ಮಾಡಲು ಕುಳಿತರು. ಮೌಸ್ ಅವರ ಕೈಯಲ್ಲಿ ನಿಲ್ಲುವುದಿಲ್ಲ, ಟೇಬಲ್ ತುಂಬಾ ಓಡಾಡುತ್ತದೆ. ಹಾಗಾಗಿ ಕೀಬೋರ್ಡ್ ಶಾರ್ಟ್‌ಕಟ್ ಕಲಿಸುವ ಕೆಲಸ ಅವರ ಸಹಾಯಕಿಯಾದ ನನ್ನ ತಲೆಗೆ ಬಂತು.

ಯಾವ ಬಿ?

ನಾನು ರಜೆಯ ಮೇಲೆ ಲೇಕ್ ಗಾರ್ಡನ್ಸ್‌ನ ಮನೆಯಲ್ಲಿದ್ದೆ. ಸಾಹೇಬರ ಫೋನ್.

"ಮ್ಯಾಡಂ, ನೋಟಿಸಿನ ತಲೆಬರಹ ದಪ್ಪ ಮಾಡಲು ಕಂಟ್ರೋಲ್ ಭಿ ಒತ್ತಿದೆ. ತಲೆಬರಹವೇ ಹೋಯಿತು! ಆ ಜಾಗದಲ್ಲಿ 'ಬರುವಾಗ ಇಲಿಶ್ ಮೀನು ತನ್ನಿ' ಅಂತ ಬಂದಿದೆ."

ಅದು ಅವರ ಹೆಂಡತಿಯ ಮೆಸೇಜು. ಡ್ರೈವರ್‌ಗೆ ಕಳಿಸಲೆಂದು ಆಗಷ್ಟೇ ಕಂಪ್ಯೂಟರಿನಲ್ಲಿ ಕಾಪಿ ಮಾಡಿದ್ದರಂತೆ.

"ಬಿ ಸರಿಯಾಗೇ ಇದೆಯಲ್ಲ ಸರ್, ಇನ್ನೊಮ್ಮೆ ಒತ್ತಿ ನೋಡಿ."

"ಇನ್ನೊಂದು ಇಲಿಶ್ ಬಂತು!"

ಆಗ ನನಗೆ ಹೊಳೆಯಿತು. "ಸರ್, ನೀವು ಒತ್ತಿದ್ದು ಬೆಹಾಲಾದ ಬಿಯೋ, ವಿಕ್ಟೋರಿಯಾದ ವಿಯೋ?"

ಸಾಹೇಬರು ಖಚಿತವಾಗಿ ಹೇಳಿದರು: "ಭಿಕ್ಟೋರಿಯಾ!"

ಅತ್ತೆಯವರ ಅನುಮಾನ

ಅದೇ ಫೋನಿನಲ್ಲಿ ನೋಟಿಸನ್ನು ದಡ ಮುಟ್ಟಿಸುವಷ್ಟರಲ್ಲಿ ನನಗೆ ಬೆವರು ಬಂತು. "ಪೂರ್ತಿ ಹಿಡ್ಕೊಳ್ಳಿ ಸರ್. ಈಗ ದಪ್ಪ ಮಾಡಿ. ನಡುವೆ ತನ್ನಿ. ಸ್ವಲ್ಪ ಓರೆ ಮಾಡಿ. ಬೇಡ, ಮತ್ತೆ ನೆಟ್ಟಗೆ ಮಾಡಿ." ಎಲ್ಲವೂ ಹಿಂದಿಯಲ್ಲಿ. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಗೆ ಟಿವಿ ಧಾರಾವಾಹಿಗಳ ಕೃಪೆಯಿಂದ ಅಷ್ಟು ಹಿಂದಿ ತಿಳಿಯುತ್ತದೆ. ಬದನೆಕಾಯಿ ಹೆಚ್ಚುತ್ತಿದ್ದವರು ಈಳಿಗೆ ನಿಲ್ಲಿಸಿ ಕೇಳಿಸಿಕೊಂಡರು. ನಾನು ಫೋನ್ ಇಟ್ಟಿದ್ದೇ ತಡ, ಕೇಳಿದರು:

"ಯಾರಿಗವಾ ಯೋಗಾಸನ ಕಲಿಸಲಿಕ್ಕೆ ಹತ್ತೀ? ಮೊದಲ ದಪ್ಪ ಮಾಡಿಸಿದ ಮ್ಯಾಲೆ, ಓರೆ ಆಗಲಿಕ್ಕೆ ಹ್ಯಾಂಗ ಆಗ್ತದ ಅವರಿಗೆ?"

ಉಳಿದದ್ದು ಒಂದೇ ಅಕ್ಷರ

ಪ್ರವಾಸದ ವರದಿಯನ್ನೆಲ್ಲ ಒಂದು ದಿನ ಸಾಹೇಬರು ದಪ್ಪ ಮಾಡಹೊರಟರು. ಪೂರ್ತಿ ಸೆಲೆಕ್ಟ್ ಮಾಡಿದ್ದು ಸರಿ. ಆದರೆ ಬಿ ಒತ್ತುವಷ್ಟರಲ್ಲಿ ಕಂಟ್ರೋಲ್ ಮೇಲಿನ ಬೆರಳು ಎದ್ದಿತ್ತು. ವರದಿ ಮಾಯ, ಪರದೆಯ ಮೂಲೆಯಲ್ಲಿ ಒಂದೇ ಒಂದು ಪುಟ್ಟ ಬಿ.

"ಮ್ಯಾಡಂ! ಸರ್ವನಾಶ!"

ಓಡಿಹೋಗಿ ಕಂಟ್ರೋಲ್ ಝಡ್ ಒತ್ತಿದೆ. ವರದಿ ಪೂರ್ತಿ ವಾಪಸ್ಸು. ಸಾಹೇಬರು ಎದೆಯ ಮೇಲೆ ಕೈಯಿಟ್ಟು ಕುರ್ಚಿಗೆ ಒರಗಿದರು. ಹೋದ ಜೀವ ಬಂದ ಸಂತೋಷಕ್ಕೆ ಇಡೀ ಆಫೀಸಿಗೆ ಸಂದೇಶ್ ಮಿಠಾಯಿ ತರಿಸಿದರು. ಪಕ್ಕದ ಟೇಬಲ್ಲಿನ ಗುಮಾಸ್ತರು ಎರಡನೆಯದನ್ನು ಬಾಯಿಗೆ ಹಾಕಿಕೊಳ್ಳುತ್ತ ವಿನಯದಿಂದ ಕೇಳಿದರು:

"ಸರ್, ನಾಳೆ ಎಷ್ಟು ಹೊತ್ತಿಗೆ ಅಳಿಸ್ತೀರಿ?"

ಸಂಕ್ಷೇಪ ಕಲೆ

ಮುಖ್ಯ ಕಚೇರಿಯವರು ಸಂಜೆಯೊಳಗೆ ವರದಿ ಕೇಳಿದರು, ಹತ್ತು ಪುಟಕ್ಕೆ ಕಡಿಮೆ ಇರಬಾರದಂತೆ. ಹಿಂದಿನ ಸಲ ಪುಟ ಸಾಲದೆಂದು ಸಾಹೇಬರು ಎಲ್ಲರೆದುರು ಬೈಸಿಕೊಂಡಿದ್ದರು. ಈ ಸಲ ಬರೆದದ್ದು ಐದೇ ಪುಟ.

"ಬರೆಯೋದಕ್ಕೆ ಇನ್ನೇನೂ ಉಳಿದಿಲ್ಲ ಮ್ಯಾಡಂ," ಎಂದರು.

"ಪೂರ್ತಿ ಸೆಲೆಕ್ಟ್ ಮಾಡಿ, ಕಂಟ್ರೋಲ್ ಜೊತೆ ಎರಡರ ಅಂಕಿ ಒತ್ತಿ ಸರ್."

ಸಾಲುಗಳ ನಡುವಿನ ಜಾಗ ದುಪ್ಪಟ್ಟಾಯಿತು. ಹತ್ತು ಪುಟ! ಸಾಹೇಬರು ಕಳಿಸಿ, ನಿಟ್ಟುಸಿರು ಬಿಟ್ಟು, ಚಹಾ ಹೇಳಿದರು. ಚಹಾ ಬರುವ ಮೊದಲೇ ಮುಖ್ಯ ಕಚೇರಿಯಿಂದ ಫೋನ್ ಬಂತು.

"ಇಷ್ಟುದ್ದ ಯಾರು ಓದುತ್ತಾರೆ? ಅರ್ಧಕ್ಕೆ ಇಳಿಸಿ. ಆದರೆ ಒಂದು ಅಂಶವೂ ಬಿಟ್ಟುಹೋಗಬಾರದು."

ಸಾಹೇಬರು ನನ್ನತ್ತ ನೋಡಿದರು. "ಕಂಟ್ರೋಲ್ ಒಂದು," ಎಂದೆ. ಸಾಲುಗಳು ಮತ್ತೆ ಹತ್ತಿರ ಬಂದವು. ಕಳಿಸಿದೆವು. ಗುಟ್ಟು ತಿಳಿದರೆ ಇಬ್ಬರಿಗೂ ಮೆಮೊ ಗ್ಯಾರಂಟಿ ಎಂದುಕೊಂಡು ಚಹಾ ಮುಟ್ಟದೆ ಕುಳಿತೆವು. ಮತ್ತೆ ಫೋನ್. ಸಾಹೇಬರು ಎದ್ದು ನಿಂತೇ ಮಾತಾಡಿದರು. "ಹೌದು ಸರ್... ತುಂಬಾ ಕಷ್ಟಪಟ್ಟೆ ಸರ್..."

ಫೋನ್ ಇಟ್ಟವರೇ ಕುರ್ಚಿಯಲ್ಲಿ ಕುಸಿದರು. "ಒಂದೇ ಒಂದು ಅಂಶ ಬಿಡದೆ ಅರ್ಧಕ್ಕೆ ಇಳಿಸಿದ್ದೇನಂತೆ! ಇಂಥ ಸಂಕ್ಷೇಪ ಕಲೆ ಅವರು ಎಲ್ಲೂ ಕಂಡಿಲ್ಲವಂತೆ!"

ಉಳಿದುಕೊಂಡೆವಲ್ಲ ಎಂಬ ಖುಷಿಗೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಸಾಹೇಬರು ಮೆಲ್ಲಗೆ ಹೇಳಿದರು:

"ಮುಂದಿನ ವಾರ ಎಲ್ಲ ಅಧಿಕಾರಿಗಳಿಗೂ ಈ ಕಲೆಯ ಬಗ್ಗೆ ನಾನು ಎರಡು ಗಂಟೆ ಉಪನ್ಯಾಸ ಕೊಡಬೇಕಂತೆ. 'ಕಂಟ್ರೋಲ್ ಒಂದು' ಅಂತ ಹೇಳಿದ ಮೇಲೆ ಉಳಿದ ಹೊತ್ತು ಏನು ಮಾಡಲಿ, ಮ್ಯಾಡಂ?"