ನಾನು ಅಡ್ಮಿಟ್ ಆದದ್ದು

ಓಣಿಗೊಂದು ಕಾಲೇಜಿರುವ ನಮ್ಮ ನಾರಾಯಣಗೂಡದಲ್ಲಿ ಜೂನ್ ತಿಂಗಳು ಬಂತೆಂದರೆ ಯಾರೂ ಯಾರಿಗೂ ‘ಊಟ ಆಯ್ತೇ’ ಎಂದು ಕೇಳುವುದಿಲ್ಲ, ‘ಅಡ್ಮಿಷನ್ ಆಯ್ತೇ’ ಎಂದು ಕೇಳುತ್ತಾರೆ. ಕರೆಂಟಿನ ಕಂಬ, ಹಾಲಿನ ಬೂತು, ಸ್ಮಶಾನದ ಕಾಂಪೌಂಡು, ಎಲ್ಲದರ ಮೇಲೂ ‘ಅಡ್ಮಿಷನ್ಸ್ ಓಪನ್’ ಎಂಬ ಪೋಸ್ಟರು. (ಸ್ಮಶಾನದ ಮಟ್ಟಿಗೆ ಅದು ಸುಳ್ಳೂ ಅಲ್ಲ.)

ಇಂಥ ಬಡಾವಣೆಯ ಗಾಳಿ ನನ್ನ ಹೆಂಡತಿ ನೀಲಾಗೆ ನಲವತ್ತಾರನೆಯ ವಯಸ್ಸಿನಲ್ಲಿ ಸೋಂಕಿತು. ಮಗಳು ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ ವರ್ಷವೇ ಇವಳು ಸಂಜೆ ಕಾಲೇಜಿನಲ್ಲಿ ಎರಡು ವರ್ಷದ ಉರ್ದು ಡಿಪ್ಲೊಮಾಕ್ಕೆ ಅಡ್ಮಿಷನ್ ತೆಗೆದುಕೊಂಡಳು. ನಾನು ಬೇಗಂಪೇಟೆಯ ಕಚೇರಿಯಿಂದ, ಸೆಕ್ಷನ್ ಆಫೀಸರ್ ಎಂಬ ಮಹಾಪದವಿಯ ಭಾರ ಹೊತ್ತು ಮನೆಗೆ ಬರುವ ಹೊತ್ತಿಗೆ ಬಾಗಿಲಿಗೆ ಕೀಲಿ. ಒಳಗೆ ಥರ್ಮಾಸಿನಲ್ಲಿ ಚಹಾ. ಥರ್ಮಾಸಿನ ಚಹಾಕ್ಕೆ ಬಿಸಿ ಇರುತ್ತದೆ, ಮಾತು ಇರುವುದಿಲ್ಲ.

ಕಚೇರಿಯಲ್ಲಿ ಆ ದಿನ ನಾನು ಮೇಲಿನವರಿಗೆ ಹೇಗೆ ಖಡಕ್ಕಾಗಿ ಉತ್ತರ ಕೊಟ್ಟೆ ಎಂಬುದನ್ನು (ಕೊಟ್ಟಿರುತ್ತಿರಲಿಲ್ಲ, ಆ ಮಾತು ಬೇರೆ) ಯಾರಿಗೆ ಹೇಳುವುದು? ಗೋಡೆಯ ಗಡಿಯಾರಕ್ಕೆ ಹೇಳತೊಡಗಿದೆ. ಪೆಂಡುಲಂ ಇದ್ದುದರಿಂದ ಅದು ಎಲ್ಲಕ್ಕೂ ತಲೆಯಾಡಿಸುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಬರುವ ನೀಲಾ, ಉಂಡು ಕೈ ತೊಳೆದವಳೇ ಬಲದಿಂದ ಎಡಕ್ಕೆ ಬರೆಯುತ್ತ ಕೂಡುತ್ತಿದ್ದಳು. ಹೀಗೆ ವರ್ಷ ಕಳೆದು ಮತ್ತೆ ಜೂನ್ ಬಂತು, ಅವಳಿಗೆ ಮೊದಲ ವರ್ಷದ ಕೊನೆಯ ತರಗತಿಗಳು. ಒಂದು ದಿನ, ಸಂಜೆ ಈ ಮನೆ ಬಿಕೋ ಅನ್ನುತ್ತದೆ, ಎದೆ ಭಾರವಾಗುತ್ತದೆ ಎಂದೆ. ಅವಳು ಬರೆಯುವುದನ್ನು ನಿಲ್ಲಿಸದೆ, “ಅಜೀರ್ಣ ಇರಬೇಕ್ರಿ. ಉರ್ದುವಿನ್ಯಾಗ ಅದಕ್ಕ ಬದಹಜ್ಮಿ ಅಂತಾರ” ಎಂದಳು.

ಆಗಲೇ ನನಗೆ ಆ ದಿವ್ಯವಾದ ಉಪಾಯ ಹೊಳೆದದ್ದು. ನಮ್ಮ ಕಚೇರಿಯ ಸಿದ್ದರಾಮಪ್ಪ ಪಿತ್ತಕೋಶದ ಕಲ್ಲಿಗೆಂದು ಅಡ್ಮಿಟ್ ಆದಾಗ ಈ ತೆಲುಗು ಊರಿನಲ್ಲಿದ್ದ ಕನ್ನಡಿಗರೆಲ್ಲ ಹಣ್ಣು, ರೊಟ್ಟಿ, ಶೇಂಗಾ ಚಟ್ನಿ ಹೊತ್ತು ಬಂದಿದ್ದರು. ಹೆಂಡತಿ ಮಂಚ ಬಿಟ್ಟು ಕದಲಿರಲಿಲ್ಲ. ಅವನಾದರೋ ಮಹಾರಾಜನಂತೆ ದಿಂಬಿಗೊರಗಿ ತನ್ನ ಕಲ್ಲಿನ ಚರಿತ್ರೆ ಹೇಳುತ್ತಿದ್ದ. ಎಲ್ಲರೂ ಕೇಳುತ್ತಿದ್ದರು. ಹೆಂಡತಿ ಒಂದು ಅಡ್ಮಿಷನ್ನಿನಿಂದ ಹೋಗಿದ್ದರೆ ಇನ್ನೊಂದು ಅಡ್ಮಿಷನ್ನಿನಿಂದ ಬರಬೇಕಲ್ಲವೇ?

ಮರುದಿನವೇ ಕಚೇರಿಯ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಎದೆ ಹಿಡಿದುಕೊಂಡು ಹೋದೆ. ಡಾಕ್ಟರು ತಟ್ಟಿ ನೋಡಿ, ಬರೀ ಗ್ಯಾಸು ಅಂದರು. ಒಂದು ದಿನ ಇಟ್ಟುಕೊಂಡು ನೋಡಿ ಎಂದು ನಾನೇ ಬೇಡಿಕೊಂಡೆ. ಮಂಚ ಖಾಲಿ ಇತ್ತು, ಇಟ್ಟುಕೊಂಡರು.

ನಮ್ಮ ಮನೆಯಲ್ಲಿ ಫೋನಿಲ್ಲ. ಕೆಳಗಿನ ಮನೆಯ ಗಿರಿಜಾಬಾಯಿಯವರಲ್ಲಿದೆ. ಅವರಿಗೆ ಹೇಳಿದರೆ ಆಕಾಶವಾಣಿಗೆ ಹೇಳಿದಂತೆಯೇ. ಸಾಧ್ಯವಾದಷ್ಟು ಕ್ಷೀಣ ದನಿಯಲ್ಲಿ, “ನೀಲಾಗ ಹೇಳ್ರಿ, ನಾ ಬೇಗಂಪೇಟ್ಯಾಗ ಅಡ್ಮಿಟ್ ಆಗೀನಿ” ಎಂದೆ.

ಆ ಕಡೆಯಿಂದ ಉತ್ತರ ಬಂತು: “ಭಾಳ ಛಲೋ ಆತು ನೋಡ್ರಿ. ಕಡೀಕೂ ನೀವೂ ತೊಗೊಂಡ್ರಿ. ಪೇಢೆ ಯಾವಾಗ ಕೊಡಸ್ತೀರಿ?”

ಲೈನು ಸರಿಯಿಲ್ಲವೆಂದುಕೊಂಡೆ. ವಿಷಯ ಮುಟ್ಟಿತಲ್ಲ, ಸಾಕು. ವಾರ್ಡಿಗೆ ಬಂದು ತಲೆ ಬಾಚಿಕೊಂಡೆ. ಆಮೇಲೆ, ರೋಗಿಗೆ ಅಷ್ಟು ನುಣುಪು ಸಲ್ಲದೆಂದು ಸ್ವಲ್ಪ ಕೆದರಿಕೊಂಡೆ. ನನ್ನ ಗ್ಯಾಸಿನ ಚರಿತ್ರೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಹಣ್ಣಿಡಲು ಸ್ಟೂಲನ್ನೂ ಖಾಲಿ ಮಾಡಿದೆ.

ಭೇಟಿಯ ಹೊತ್ತು ಶುರುವಾಯಿತು. ಬಾಗಿಲು ತೆರೆದಾಗಲೆಲ್ಲ ಕಣ್ಣನ್ನು ಅರ್ಧ ಮುಚ್ಚಿದೆ. ಬಂದವರೆಲ್ಲ ಪಕ್ಕದ ಮಂಚಕ್ಕೆ ಹೋದರು. ಅಲ್ಲಿದ್ದ ತೆಲುಗಿನ ಮುದುಕರಿಗೆ ಮೂವರು ಸೊಸೆಯಂದಿರು, ಒಬ್ಬಳು ಕಾಲು ಒತ್ತುತ್ತಿದ್ದಳು. ಕೊನೆಗೆ ಮುದುಕರ ಹೆಂಡತಿ ಎದ್ದು ಬಂದು, “ಮೀವಾಳ್ಳೆವರೂ ರಾಲೇದಾ ಬಾಬೂ” ಎಂದರು. ನಿಮ್ಮವರು ಯಾರೂ ಬರಲಿಲ್ಲವೇ ಎಂದು. ‘ಬರುತ್ತಾರೆ, ದಾರಿಯಲ್ಲಿದ್ದಾರೆ’ ಎಂದು ನನ್ನ ಹರಕು ತೆಲುಗಿನಲ್ಲಿ ಹೇಳಿದೆ. ಅವರು ನಂಬಲಿಲ್ಲ. ನನ್ನ ಖಾಲಿ ಸ್ಟೂಲಿನ ಮೇಲೆ ಒಂದು ಮೋಸಂಬಿ ಇಟ್ಟು ಹೋದರು. ಆ ಮೋಸಂಬಿಯನ್ನು ನೋಡುತ್ತ ಮಲಗಿದಾಗ ಎದೆಯಲ್ಲಿ ನಿಜಕ್ಕೂ ಏನೋ ಹಿಡಿದುಕೊಂಡಿತು. ಡಾಕ್ಟರನ್ನು ಕರೆಯಲಿಲ್ಲ, ಅವರು ಅದಕ್ಕೂ ಗ್ಯಾಸೇ ಅನ್ನುತ್ತಿದ್ದರು.

ಬೆಳಿಗ್ಗೆ ಗೇಟು ತೆಗೆದ ಕೂಡಲೇ ನೀಲಾ ಬಂದಳು. ತಲೆಗೆ ಎಣ್ಣೆಯಿಲ್ಲ, ಕಣ್ಣಿಗೆ ನಿದ್ದೆಯಿಲ್ಲ. ನಡೆದದ್ದು ಇಷ್ಟು: ನಾರಾಯಣಗೂಡದ ಜೂನ್ ತಿಂಗಳಲ್ಲಿ ‘ಅಡ್ಮಿಟ್’ ಎಂಬುದಕ್ಕೆ ಎರಡನೆಯ ಅರ್ಥವೇ ಇಲ್ಲವಾದ್ದರಿಂದ, ಹೆಂಡತಿಯ ಮೇಲಿನ ಹಟಕ್ಕೆ ನಾನೂ ಯಾವುದೋ ಸಂಜೆ ಕಾಲೇಜು ಸೇರಿದೆನೆಂದು ಗಿರಿಜಾಬಾಯಿ ಕಟ್ಟಡಕ್ಕೆಲ್ಲ ಸಾರಿದ್ದರು. ತಡೆಯಲಾರದೆ ತಾವೇ ಪೇಢೆ ತರಿಸಿ ಹಂಚಿದ್ದರು. ಕ್ಲಾಸು ಮುಗಿಯುವ ಹೊತ್ತು ಮೀರಿದರೂ ನಾನು ಬಾರದಿದ್ದಾಗ ನೀಲಾಗೆ ಅನುಮಾನ ಬಂದು, ಸಿದ್ದರಾಮಪ್ಪನಿಗೆ ಫೋನು ಮಾಡಿ, ಪತ್ತೆ ಹಚ್ಚಿ, ರಾತ್ರಿಯೇ ಆಟೋ ಹಿಡಿದು ಬಂದರೆ ವಾಚ್‌ಮನ್ ಬಾಗಿಲ ಮೇಲಿನ ಬೋರ್ಡು ತೋರಿಸಿದನಂತೆ: ‘ನೋ ಅಡ್ಮಿಷನ್’.

ಇಷ್ಟು ಹೇಳಿ ಅವಳು ಸ್ಟೂಲಿನ ಮೇಲೆ ಕೂತಳು, ಮೋಸಂಬಿಯನ್ನು ಮಡಿಲಲ್ಲಿಟ್ಟುಕೊಂಡು.

“ಡಾಕ್ಟರು ಗ್ಯಾಸ್ ಅಂದ್ರು” ಎಂದಳು.

“ಗ್ಯಾಸೂ ಸಣ್ಣ ರೋಗ ಅಲ್ಲ, ನೀಲಾ.”

“ಈಗರ ಅಡ್ಮಿಟ್ ಆಗ್ರಿ.”

“ಆಗೀನಲ್ಲ, ನಿನ್ನೇನ.”

“ಆಸ್ಪತ್ರಿದ್ದಲ್ರಿ. ಒಪ್ಕೋರಿ ಅಂದೆ. ಸಂಜಿ ಮುಂದ ಒಬ್ರ ಇರಾಕ ಆಗವಲ್ದು, ಅಂತ.”

ಪಕ್ಕದ ಮುದುಕರು ಕನ್ನಡ ಬಾರದಿದ್ದರೂ ಕಿವಿಗೊಟ್ಟಿದ್ದರು. “ಹೌದು” ಎಂದೆ, ಗೋಡೆಯ ಕಡೆ ತಿರುಗಿ. ಅವಳು ಮೋಸಂಬಿ ಸುಲಿಯತೊಡಗಿದಳು.

ಆದರೆ ಹಂಚಿದ ಪೇಢೆಯನ್ನು ವಾಪಸು ಪಡೆಯುವುದು ಹೇಗೆ? ಮನೆಗೆ ಮರಳಿ ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ‘ಯಾವ ಕೋರ್ಸು’ ಎಂಬ ಪ್ರಶ್ನೆ. ಗ್ಯಾಸು ಎನ್ನಲಾದೀತೇ? ನೀಲಾಳೇ ದಾರಿ ತೋರಿಸಿದಳು: ಹೇಗೂ ಮಂದಿಯ ಬಾಯಿ ಸಿಹಿಯಾಗಿದೆ, ನೀವೂ ಉರ್ದುವಿಗೇ ಸೇರಿಬಿಡಿ. ನಾನು ಹಿಗ್ಗಿದೆ. ಒಂದೇ ಕಾಲೇಜು, ಒಂದೇ ಸಂಜೆ, ಕೂಡಿಯೇ ಹೋಗಿ ಕೂಡಿಯೇ ಬರುವುದು, ದಾರಿಯಲ್ಲಿ ಇರಾನಿ ಚಹಾ. ಓಡಿ ಹೋಗಿ ಅಡ್ಮಿಷನ್ ತೆಗೆದುಕೊಂಡೆ.

ಹೊಸ ವರ್ಷದ ತರಗತಿ ಶುರುವಾದ ದಿನ ಗೊತ್ತಾಯಿತು: ಕೋಣೆ ಸಾಲದ ಕಾರಣ ಎರಡನೆಯ ವರ್ಷದವರಿಗೆ ಇನ್ನು ಮೇಲೆ ಬೆಳಗಿನ ತರಗತಿ. ನೀಲಾ ಈಗ ಎರಡನೆಯ ವರ್ಷ.

ಹೀಗೆ ನಾನು ದಿನಾ ಸಂಜೆ, ಮಗಳಿಗಿಂತ ಚಿಕ್ಕ ಹುಡುಗಿಯರ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತು ಅಲಿಫ್, ಬೇ ಎಂಬ ಅಕ್ಷರಗಳನ್ನು ತಿದ್ದತೊಡಗಿದೆ. ಒಂದು ವಾರ ಕಳೆದಿರಬೇಕು. ಮನೆಗೆ ಬಂದರೆ ನೀಲಾ ಬಾಗಿಲಲ್ಲೇ ನಿಂತಿದ್ದಳು. ಮುಖ ಸಣ್ಣದಾಗಿತ್ತು.

“ರೀ, ಒಂದು ಮಾತು ಒಪ್ಕೋತೀನಿ. ನೀವು ಹೇಳಿದ್ದು ಖರೇ ಐತಿ. ಸಂಜಿ ಮುಂದ ಈ ಮನಿ ಭಾಳ ಬಿಕೋ ಅಂತೈತಿ. ಆ ಗಡಿಯಾರದ ಸಪ್ಪಳ ಕೇಳಿ ಕೇಳಿ ಸಾಕಾತು.”

ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ನನ್ನ ಮಾತು ಖರೆ ಎಂದು ದಾಖಲಾದದ್ದು ಅದೇ ಮೊದಲು. ಅಲಿಫ್, ಬೇಗಳನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟು, ನಾಳೆಯಿಂದ ಮನೆಯಲ್ಲೇ ಇರುತ್ತೇನೆ ಎನ್ನಲು ಬಾಯಿ ತೆರೆದೆ.

“ಅದಕ್ಕ,” ಎಂದಳು ನೀಲಾ, “ಗಿರಿಜಾಬಾಯಿ ಜೋಡಿ ಹಾರ್ಮೋನಿಯಂ ಕ್ಲಾಸಿಗೆ ಅಡ್ಮಿಷನ್ ತೊಗೊಂಡು ಬಂದೆ. ನಾಳಿಂದ ದಿನಾ ಸಂಜಿಗೆ. ನೀವು ಬರೂದ್ರಾಗ ನಾ ಬಂದಿರಲಿಲ್ಲಂದ್ರ, ಚಹಾ ಥರ್ಮಾಸಿನ್ಯಾಗ ಇರ್ತೈತಿ.”

ಒಳಗೆ ಗೋಡೆಯ ಗಡಿಯಾರ ತಲೆಯಾಡಿಸುತ್ತಿತ್ತು. ಇಷ್ಟು ದಿನ ಅದನ್ನು ‘ಹೂಂ’ ಎಂದುಕೊಂಡಿದ್ದೆ. ಈಗ ನನಗೂ ಓದಲು ಬರುತ್ತದೆ: ಬಲದಿಂದ ಎಡಕ್ಕೆ.