ಊಟಕ್ಕೆ ಕರೆಯುವ ಬ್ರೌಸರ್

ಸಮ್ಯಕನಿಗೆ ಒಂದು ಹುಚ್ಚು. ಅರಸೀಕೆರೆಯ ಮನೆಯಲ್ಲೇ ಕೋಣೆ ಬಾಗಿಲು ಹಾಕಿಕೊಂಡು ವೆಬ್‌ಸೈಟ್ ಮಾಡುವ ಈ ಹುಡುಗ, ಬ್ರೌಸರ್‌ನೊಳಗೆ ಮೊದಲಿಂದಲೂ ಇದ್ದು ಯಾರೂ ಕ್ಯಾರೇ ಅನ್ನದ ಫಂಕ್ಷನ್‌ಗಳನ್ನು ಹುಡುಕಿ ಹುಡುಕಿ ಮನೆಗೆಲಸಕ್ಕೆ ಹಚ್ಚುತ್ತಿದ್ದ. ಈಚೆಗೆ ಸಿಕ್ಕಿದ್ದು, ಬರೆದುಕೊಟ್ಟದ್ದನ್ನು ಬ್ರೌಸರೇ ಗಟ್ಟಿಯಾಗಿ ಓದಿ ಹೇಳುವ ಫಂಕ್ಷನ್. ಕೆಲಸಕ್ಕೆ ಕೂತರೆ ಊಟ ಮರೆಯುತ್ತಾನೆಂದು ಅಮ್ಮ ರಮಾ ದಿನಾ ಬೈಯುತ್ತಿದ್ದರಲ್ಲ, ಮಧ್ಯಾಹ್ನವಾದರೆ ಊಟಕ್ಕೆ ಕರೆಯಲು, ಏಳದಿದ್ದರೆ ಮತ್ತೆ ಮತ್ತೆ ಕರೆಯಲು ಅದನ್ನೇ ನೇಮಿಸಿದ. ದನಿ ಹೆಣ್ಣಿನದು. ಇರಲಿ ಅಂತ ಕರೆಯುವ ಮಾತಿಗೂ ಒಂಚೂರು ಸಕ್ಕರೆ ಬೆರೆಸಿದ. ಎಡವಟ್ಟಾದದ್ದು ಅಲ್ಲೇ.

ಆ ಭಾನುವಾರ ಬೇಲೂರಿನಿಂದ ಶಿರಸ್ತೇದಾರ್ ಉಮಾಶಂಕರ್ ಹುಡುಗನ ಮನೆ ನೋಡಲು ಬಂದಿದ್ದರು. ಅವರ ಮಗಳು ಮೈತ್ರಿಯನ್ನು ಸಮ್ಯಕ್ ಆಗಲೇ ನೋಡಿ, ಒಪ್ಪಿ, ನಿದ್ದೆಗೆಟ್ಟಿದ್ದ. ಅವಳೂ ಹೂಂ ಅಂದಿದ್ದಳು. ಬಾಕಿ ಇದ್ದದ್ದು ಅಪ್ಪನ ಒಪ್ಪಿಗೆ ಮಾತ್ರ. ಪಕ್ಕದ ಮನೆ ಮೀನಾಕ್ಷಿ ಯಾರೂ ಕರೆಯದಿದ್ದರೂ ಬಂದು ನಡುಮನೆಯಲ್ಲಿ ಕೂತಿದ್ದರು.

"ಎಲ್ಲಪ್ಪಾ ನಿನ್ನ ಆಫೀಸು?" ಉಮಾಶಂಕರ್ ಕೇಳಿದರು.

"ಮನೆಯಿಂದಲೇ ಕೆಲಸ ಸಾರ್."

"ಓಹೋ," ಅಂದರು ಅವರು, ಅರೆಮನಸ್ಸಿನಿಂದ.

ಅಷ್ಟರಲ್ಲಿ ಮುಚ್ಚಿದ ಕೋಣೆಯೊಳಗಿಂದ ಹೆಣ್ಣುದನಿ ಬಂತು. "ಸಮ್ಯಕ್, ಊಟಕ್ಕೆ ಬಾ ಚಿನ್ನ. ನೀನು ಬರೋವರೆಗೂ ನಾನೂ ಊಟ ಮಾಡಲ್ಲ."

ಉಮಾಶಂಕರ್ ಕೈಯ ಕೋಡುಬಳೆ ಬಾಯಿಯ ಹತ್ತಿರವೇ ನಿಂತಿತು. "ಒಳಗೆ ಯಾರಿದ್ದಾರೆ?"

"ಯಾ... ಯಾರೂ ಇಲ್ಲ ಸಾರ್."

"ಅಯ್ಯೋ, ಅವಳಾ?" ರಮಾ ನಕ್ಕರು. "ದಿನಾ ಹಿಂಗೇ ಕರೀತಾಳೆ. ಅವಳು ಬಂದ ಮೇಲೆ ನನಗೆ ಕೂಗೋದು ತಪ್ಪಿದೆ."

"ನಮ್ಮನೆಗೂ ಕೇಳ್ತೈತೆ ಕಣ್ರೀ," ಮೀನಾಕ್ಷಿ ಸೇರಿಸಿದರು. "ಪಾಪ, ಒಂದು ದಿನಾನೂ ಆಚೆ ಬಂದಿದ್ದು ನಾ ಕಾಣೆ."

ಉಮಾಶಂಕರ್ ಎದ್ದು ಚಪ್ಪಲಿ ಹುಡುಕತೊಡಗಿದರು. ಸಮ್ಯಕ್ ಒಳಗೋಡಿ, ಲ್ಯಾಪ್‌ಟಾಪನ್ನು ಎಳೆಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ತಂದು ಅವರ ಮುಂದಿಟ್ಟ. "ಇವಳೇ ಸಾರ್ ಅವಳು. ಬರೀ ಬ್ರೌಸರ್. ನೀವೇ ಏನಾದ್ರೂ ಟೈಪ್ ಮಾಡಿ ನೋಡಿ."

ಅವರು ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ಒಂದು ಸಾಲು ಬರೆದರು. "ಶಿರಸ್ತೇದಾರ್ ಸಾಹೇಬರಿಗೆ ನಮಸ್ಕಾರ," ಅಂದಿತು ದನಿ, ಬಲು ವಿನಯದಿಂದ. ಸಾಹೇಬರ ಮುಖ ಅರಳಿತು.

"ಭೇಷ್. ಇದನ್ನ ನೀನೇ ಮಾಡಿದ್ದಾ?"

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹುಚ್ಚು ಕೇಳಬೇಕಲ್ಲ.

"ಇಲ್ಲ ಸಾರ್, ನಾನೇನೂ ಮಾಡಿಲ್ಲ. ಬರೆದಿದ್ದು ಒಂದೇ ಸಾಲು. ಮಾತಾಡೋದು, ತಾರೀಖು ತೋರಿಸೋದು, ಲೆಕ್ಕ ಹಾಕೋದು, ಎಲ್ಲಾ ಬ್ರೌಸರ್‌ನಲ್ಲಿ ಮೊದಲೇ ಇರುತ್ತೆ. ಜನಕ್ಕೆ ಗೊತ್ತಿಲ್ಲ, ಅಷ್ಟೆ."

ಉಮಾಶಂಕರ್ ಚಪ್ಪಲಿಗೆ ಕಾಲು ತೂರಿಸಿದರು.

"ಒಳಗೆ ಹುಡುಗಿ ಇಲ್ಲ ಅನ್ನೋದು ಖಾತ್ರಿಯಾಯ್ತಪ್ಪ. ಆದ್ರೆ ಎಲ್ಲಾ ಅದರಲ್ಲೇ ಇದ್ದ ಮೇಲೆ, ಬೆಳಗಿಂದ ಸಾಯಂಕಾಲದವರೆಗೆ ನಿನಗೇನು ಕೆಲಸ?"

ಸಮ್ಯಕ್ ಬಾಯಿ ತೆರೆದ. ಅವನಿಗಿಂತ ಮೊದಲು ಲ್ಯಾಪ್‌ಟಾಪೇ ಉತ್ತರ ಕೊಟ್ಟಿತು.

"ಸಮ್ಯಕ್, ಊಟಕ್ಕೆ ಬಾ ಚಿನ್ನ."